ಮಗ್ಗ ನಿಂತ ನಾಲ್ಕು ದಿನ

ಆಷಾಢದ ಒಂದು ಸೋಮವಾರ ಬೆಳಗ್ಗೆ ಏಳು ಗಂಟೆಯ ಬಸ್ಸಿಗೆ ನಾನೂ ನಮ್ಮ ಯಜಮಾನರೂ ದೊಡ್ಡಬಳ್ಳಾಪುರ ಬಿಟ್ಟೆವು. ಹೊಸದಾಗಿ ಮದುವೆಯಾದವರನ್ನು ಆಷಾಢದಲ್ಲಿ ಬೇರೆ ಬೇರೆ ಇಡುತ್ತಾರೆ. ಹನ್ನೆರಡು ವರ್ಷ ಸಂಸಾರ ಮಾಡಿದ ನಾವು ಅದೇ ತಿಂಗಳಲ್ಲಿ ಜೋಡಿಯಾಗಿ ಹೊರಟಿದ್ದನ್ನು ನೋಡಿ ಬೀದಿಯವರೆಲ್ಲ ನಕ್ಕರು. ಏನು ಮಾಡುವುದು, ನಮಗೆ ಬೇರೆ ತಿಂಗಳೇ ಇಲ್ಲ. ಮದುವೆಗಳಿಲ್ಲದೆ ಸೀರೆ ಕೇಳುವವರಿಲ್ಲದ ಈ ದಿನಗಳಲ್ಲಿ ಮಾತ್ರ ನಮ್ಮ ಎರಡು ಪವರ್‌ಲೂಮ್ ಮಗ್ಗಗಳು ಬಾಯಿ ಮುಚ್ಚುತ್ತವೆ. ಮಕ್ಕಳಿಬ್ಬರನ್ನೂ ಅತ್ತೆಯವರ ಬಳಿ ಬಿಟ್ಟಿದ್ದೆ.

ಎರಡು ದಿನ ಬೆಂಗಳೂರು, ಎರಡು ದಿನ ಬನ್ನೇರುಘಟ್ಟದ ಕಾಡು ಎಂದು ಯಜಮಾನರು ಒಂದು ವಾರ ಮೊದಲೇ ಯೋಜನೆ ಹಾಕಿದ್ದರು. ಆ ಕಾಡನ್ನು ರಾಷ್ಟ್ರೀಯ ಉದ್ಯಾನ ಎಂದು ಕರೆಯಲು ಶುರುವಾಗಿದ್ದು ಆಗಷ್ಟೇ, ಎಪ್ಪತ್ತರ ದಶಕದಲ್ಲಿ. ಯೋಜನೆ ಬರೆದದ್ದು ಒಂದು ಹಳೆಯ ಜಕಾರ್ಡ್ ರಟ್ಟಿನ ಹಿಂಬದಿಗೆ. ಡಿಸೈನಿಗೆಂದು ಹೊಡೆದ ತೂತುಗಳ ನಡುವೆ ಅಕ್ಷರ ತುರುಕಿದ್ದರಿಂದ ಲಾಲ್‌ಬಾಗಿಗೆ ಎರಡು ತೂತು ಬಿದ್ದಿದ್ದವು.

ಬೆಂಗಳೂರು ಅವರ ಆಸೆ, ಕಾಡು ನನ್ನ ಹಠ. ಆ ಹಠಕ್ಕೆ ಕಾರಣ ಏನೆಂದು ನಾನು ಅವರಿಗೆ ಹೇಳಿರಲಿಲ್ಲ. ಎರಡು ವರ್ಷದಿಂದ ಅವರು ನನ್ನ ಮಾತಿಗೆ ಉತ್ತರ ಕೊಡುವುದು ಕಡಿಮೆಯಾಗಿತ್ತು. ಮಗ್ಗ ಓಡುವಾಗ ಎಲ್ಲ ಸರಿ. ಅವರು ಮಗ್ಗ ನೋಡುತ್ತಾರೆ, ನಾನು ಎದುರಿಗೆ ಕೂತು ಲಾಳಿಗೆ ಹಾಕುವ ನೂಲಿನ ಕಂಡಿಕೆ ಸುತ್ತುತ್ತೇನೆ, ನಮ್ಮ ಜಗಳವೂ ನಗುವೂ ಆ ಗದ್ದಲದಲ್ಲೇ ನಡೆಯುತ್ತದೆ. ಆದರೆ ಸಂಜೆ ಜಗಲಿಯಲ್ಲಿ ಪಕ್ಕಕ್ಕೆ ಕೂತು ಏನಾದರೂ ಹೇಳಿದರೆ ಬೀದಿ ನೋಡುತ್ತ ಸುಮ್ಮನಿರುತ್ತಾರೆ. ನನ್ನ ಮೇಲಿನ ಮನಸ್ಸು ಹೋಗಿದೆ ಎಂದೇ ನಾನು ನಂಬಿದ್ದೆ. ಸದ್ದಿಲ್ಲದ ಒಂದು ಜಾಗದಲ್ಲಿ ಕೂರಿಸಿ, ಹೌದೋ ಅಲ್ಲವೋ ಕೇಳಿಬಿಡಬೇಕು ಎಂದುಕೊಂಡೇ ಹೊರಟಿದ್ದೆ.

ಟಿಕೆಟ್ಟು ತಲೆಗೆ ಎರಡು ರೂಪಾಯಿಗಿಂತ ಸ್ವಲ್ಪ ಕಡಿಮೆ. ಯಲಹಂಕ ದಾಟುವವರೆಗೂ ಸೋನೆ ಹನಿಯುತ್ತಿತ್ತು. ಮೆಜೆಸ್ಟಿಕ್ ಹತ್ತಿರ ದಿನಕ್ಕೆ ಎಂಟು ರೂಪಾಯಿಯ ರೂಮು ಹಿಡಿದು, ಅಂದೇ ವಿಧಾನಸೌಧವನ್ನೂ ಮ್ಯೂಸಿಯಮ್ಮನ್ನೂ ನೋಡಿ ಮುಗಿಸಿದೆವು. ಮರುದಿನ ಲಾಲ್‌ಬಾಗಿಗೆ ಹೋದೆವು. ಗಾಜಿನ ಮನೆ ನೋಡಿ, ಅಲ್ಲಿಯ ಬಂಡೆ ಹತ್ತಿ ಕೂತಾಗ, ಇಲ್ಲೇ ಕೇಳಿಬಿಡೋಣ ಅನ್ನಿಸಿತು. "ರೀ, ನನ್ನ ಮೇಲೆ ಬೇಜಾರಾ?" ಎಂದೆ. ಅವರು ದೂರದ ಕಟ್ಟಡಗಳನ್ನು ನೋಡುತ್ತಲೇ ಕಡಲೆಕಾಯಿ ಬಿಡಿಸಿ ಬಾಯಿಗೆ ಹಾಕಿಕೊಂಡರು. ಗಾಳಿ ಜೋರಾಗಿತ್ತು, ಅದಕ್ಕೇ ಇರಬಹುದು ಎಂದು ಸಮಾಧಾನ ಮಾಡಿಕೊಂಡೆ.

ಆದರೆ ಮಧ್ಯಾಹ್ನ ಚಿಕ್ಕಪೇಟೆಯಲ್ಲಿ ನಮ್ಮ ಸೀರೆ ಕೊಳ್ಳುವ ಅಂಗಡಿಗೆ ಹೋದಾಗ ಯಜಮಾನರು ಬೇರೆಯೇ ಮನುಷ್ಯ. ಗದ್ದಿಗೆಯ ಮೇಲೆ ಸಾಹುಕಾರರ ಎದುರಿಗೆ ಚಕ್ಕಳಮಕ್ಕಳ ಹಾಕಿ ಕೂತು, ಅವರ ಒಂದೊಂದು ಮಾತಿಗೂ ಉತ್ತರ, ನಗು, ತಮಾಷೆ. ನನಗೆ ಹೊಟ್ಟೆ ಉರಿಯಿತು. ಸಂಜೆ ಅವರು ಕೊಡಿಸಿದ ಮಸಾಲೆ ದೋಸೆ ರುಚಿಯಾಗಿತ್ತು, ಆದರೂ ಚೆನ್ನಾಗಿಲ್ಲ ಎಂದೆ.

ಬುಧವಾರ ಬೆಳಗ್ಗೆ ಮಾರ್ಕೆಟ್ಟಿನಿಂದ ಬನ್ನೇರುಘಟ್ಟದ ಬಸ್ಸು ಹಿಡಿದೆವು. ಪೇಟೆ ಹಿಂದೆ ಬಿದ್ದು ರಾಗಿ ಹೊಲಗಳು, ಆಮೇಲೆ ಗುಡ್ಡಗಳು ಬಂದವು. ದೇವಸ್ಥಾನಕ್ಕೆ ಕೈಮುಗಿದು, ಹತ್ತಿರದಲ್ಲೇ ಒಂದು ಕೋಣೆ ಹಿಡಿದು ಅವತ್ತು ಅಲ್ಲೇ ಉಳಿದೆವು. ಗುರುವಾರ ಬೆಳಗ್ಗೆ ಕಾಡಿನ ಗಾರ್ಡ್ ಮುನಿಯಪ್ಪ ನಮ್ಮ ಜೊತೆ ಬಂದ. ಹೋಗಿಬರಲು ಆರು ಮೈಲಿ ನಡಿಗೆ ಎಂದ. ಬುತ್ತಿಗೆ ಚಿತ್ರಾನ್ನ ಕಟ್ಟಿಸಿಕೊಂಡಿದ್ದೆವು. ಲಂಟಾನದ ಪೊದೆಗಳ ನಡುವೆ ಒಬ್ಬರ ಹಿಂದೆ ಒಬ್ಬರು ನಡೆಯುವಷ್ಟೇ ದಾರಿ. ಅಂಥ ಸದ್ದಿಲ್ಲದ ಜಾಗವನ್ನು ಮದುವೆಯಾದ ಮೇಲೆ ನಾನು ನೋಡೇ ಇರಲಿಲ್ಲ. ನನ್ನ ಚಪ್ಪಲಿಯ ಸದ್ದೇ ನನಗೆ ದೊಡ್ಡದಾಗಿ ಕೇಳಿಸುತ್ತಿತ್ತು.

ಎರಡು ಮೈಲಿ ಆದಮೇಲೆ ದಾರಿಯಲ್ಲಿ ಆನೆ ಲದ್ದಿ ಬಿದ್ದಿತ್ತು. ಮುನಿಯಪ್ಪ ಬಗ್ಗಿ, "ಇನ್ನೂ ಬಿಸಿ ಐತೆ ಕಣಮ್ಮ" ಎಂದು ತೋರಿಸುತ್ತಿದ್ದ. ಯಜಮಾನರು ಉತ್ಸಾಹದಲ್ಲಿ ಇಪ್ಪತ್ತು ಮಾರು ಮುಂದೆ ಹೋಗಿದ್ದರು. ಆಗ ಅವರ ಮುಂದಿನ ಬಿದಿರು ಮೆಳೆಯಲ್ಲಿ ಲಟಲಟ ಎಂದು ಗಳ ಮುರಿಯಿತು.

"ಸಾಮಿ, ನಿಂತ್ಕಳಿ!" ಎಂದ ಮುನಿಯಪ್ಪ, ದನಿ ತಗ್ಗಿಸಿ. ಯಜಮಾನರು ನಡೆಯುತ್ತಲೇ ಇದ್ದರು. "ರೀ!" ಎಂದೆ. ತಿರುಗಲಿಲ್ಲ. ಮತ್ತೆ ಲಟಾರೆಂದಿತು. ಅವರು ಕೈ ಬೀಸಿಕೊಂಡು, ಸದ್ದು ಬಂದ ಕಡೆಗೇ ಹೋಗುತ್ತಿದ್ದರು. ಮುನಿಯಪ್ಪ ಓಡಿಹೋಗಿ ಹೆಗಲು ಹಿಡಿದು ಎಳೆದಾಗ ಅವರು ಬೆಚ್ಚಿಬಿದ್ದರು. ಮೆಳೆಯ ಮೇಲೆ ಒಂದು ಸೊಂಡಿಲು ಎದ್ದು ಇಳಿದದ್ದು ಆಗ ನಮಗೆ ಕಂಡಿತು. ಮೂವರೂ ಉಸಿರು ಹಿಡಿದು ಬಂದ ದಾರಿಯಲ್ಲೇ ಹಿಂದಕ್ಕೆ ಬಂದೆವು.

"ಅಷ್ಟು ಕರದ್ರೂ ಕೇಳಿಸ್ಲಿಲ್ವಾ ಸಾಮಿ? ಆಯಮ್ಮನ ಕುಂಕುಮ ಗಟ್ಟಿ ಐತೆ ಇವತ್ತು" ಎಂದು ಬೈದು, ಮುನಿಯಪ್ಪ ಬೀಡಿ ಹಚ್ಚಲು ಆಚೆ ಹೋದ. ಯಜಮಾನರು ಬಂಡೆಯ ಮೇಲೆ ಕೂತು ಬೆವರು ಒರೆಸಿಕೊಂಡರು. ನಾನು ಅವರ ಬೆನ್ನ ಹಿಂದೆ ನಿಂತು, ಮನೆಯಲ್ಲಿ ಮಾತಾಡುವಷ್ಟೇ ದನಿಯಲ್ಲಿ "ರೀ" ಎಂದೆ. ಅಲುಗಲಿಲ್ಲ. ಇನ್ನೊಮ್ಮೆ ಕರೆದೆ. ಮರದಲ್ಲಿ ಒಂದು ಹಕ್ಕಿ ಗಂಟಲು ಹರಿಯುವ ಹಾಗೆ ಕೂಗುತ್ತಿತ್ತು, ಅದರ ಕಡೆಗೂ ಅವರು ತಲೆ ಎತ್ತಲಿಲ್ಲ. ಮುಂದೆ ಬಂದು ಅವರ ಎದುರಿಗೆ ಕೂತೆ.

"ಯಾವತ್ತಿಂದ?" ಎಂದು ಕೇಳಿದೆ.

ಅವರು ನನ್ನ ಬಾಯನ್ನೇ ನೋಡಿದರು. "ಎರಡು ವರ್ಷ ಆಯ್ತು ಕಣೇ. ಮಗ್ಗದ ಸದ್ದಿಗೆ ಕಿವಿ ಹೋಯ್ತಾ ಬಂತು. ಬಾಯಿ ಕಂಡ್ರೆ ಏನ್ ಹೇಳ್ತೀಯಾ ಅಂತ ಗೊತ್ತಾಗತ್ತೆ. ಇಲ್ದಿದ್ರೆ ಇಲ್ಲ."

"ನಂಗೆ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಮಗ್ಗ ಬಿಡ್ಸಿಬಿಡ್ತಿದ್ದೆ ನೀನು."

ನಾನು ಅತ್ತುಬಿಟ್ಟೆ. ಅವರ ಕಿವಿ ಹೋದ ಸಂಕಟ ಒಂದು ಕಡೆ. ಮನಸ್ಸು ಹೋಗಿಲ್ಲ ಎಂಬ ಸಂತೋಷವೂ ಅದೇ ಅಳುವಿನಲ್ಲಿತ್ತು, ಅದನ್ನು ಮುಚ್ಚಿಡುವುದಿಲ್ಲ. ಎರಡು ವರ್ಷ ಅವರನ್ನು ಒಳಗೊಳಗೇ ಬೈದುಕೊಂಡದ್ದಕ್ಕೆ ನಾಚಿಕೆಯೂ ಆಯಿತು. ಊರಿಗೆ ಹೋದ ತಕ್ಷಣ ಡಾಕ್ಟರಿಗೆ ತೋರಿಸಬೇಕು ಎಂದೆ. ಹೂಂ ಎಂದರು. ಬುತ್ತಿ ಬಿಚ್ಚಿ ಮುನಿಯಪ್ಪನಿಗೂ ಬಡಿಸಿದೆ.

ಸಂಜೆ ಬೆಂಗಳೂರಿಗೆ ವಾಪಸಾಗಿ ಪ್ಯಾಸೆಂಜರ್ ರೈಲು ಹತ್ತಿದೆವು. ಯಜಮಾನರು ಕಿಟಕಿಯ ಪಕ್ಕ ಕೂತು ನನಗೆಂದು ಪಕ್ಕದಲ್ಲಿ ಟವಲು ಹಾಸಿದರು. ನಾನು ಅಲ್ಲಿ ಕೂರದೆ ಎದುರಿನ ಸೀಟಿನಲ್ಲಿ, ತರಕಾರಿ ಬುಟ್ಟಿ ಇಟ್ಟುಕೊಂಡಿದ್ದ ಅಜ್ಜಿಯೊಬ್ಬರ ಪಕ್ಕ ಜಾಗ ಮಾಡಿಸಿಕೊಂಡೆ. ಎರಡು ವರ್ಷದಿಂದ ಉತ್ತರ ಸಿಗದೆ ಉಳಿದ ಮಾತುಗಳು ಬೇಕಾದಷ್ಟಿದ್ದವು. ನಡುವೆ ಜನ ಇದ್ದರು, ಸಂಸಾರದ ಮಾತು. ಅದಕ್ಕೆ ದನಿ ಹೊರಡಿಸದೆ ಬರೀ ತುಟಿಯಲ್ಲೇ ಒಂದೊಂದಾಗಿ ಕೇಳುತ್ತ ಹೋದೆ. ಅವರು ತಲೆಯಾಡಿಸಿದರು, ಒಮ್ಮೆ ಜೋರಾಗಿ ನಕ್ಕರು, ಒಮ್ಮೆ ಕಣ್ಣು ಒರೆಸಿಕೊಂಡರು. ಯಲಹಂಕ ಬಂದರೂ ಮುಗಿದಿರಲಿಲ್ಲ.

ಅಜ್ಜಿ ಅಷ್ಟು ಹೊತ್ತೂ ನನ್ನನ್ನೇ ನೋಡುತ್ತಿದ್ದರು. ಕೊನೆಗೆ ತಡೆಯಲಾರದೆ ನನ್ನ ಕೈಮೇಲೆ ಕೈ ಇಟ್ಟು, "ಪಾಪ, ಹುಟ್ಟಿದಾಗಿಂದ್ಲೂ ನಿಂಗೆ ಮಾತು ಬರಲ್ವೇನವ್ವಾ?" ಎಂದು ಕೇಳಿದರು.

"ಬರ್ತದೆ ಕಣಜ್ಜಿ," ಎಂದೆ. "ಇವತ್ತೇ ಬಂತು."