ಅರ್ಧ ಆಟಕ್ಕೇ ಕಪ್ ಕೊಟ್ಟ ಸ್ಟೇಡಿಯಂ

ಹಳೇ ಬೆಂಗಳೂರು ಎಷ್ಟು ಚೆನ್ನಾಗಿತ್ತು, ಜನ ಎಷ್ಟು ಒಳ್ಳೆಯವರಿದ್ದರು ಎಂದು ಯಾರಾದರೂ ಶುರು ಮಾಡಿದರೆ ನನಗೆ ಯಶವಂತಪುರದ ಆಚೆ ಕಟ್ಟಿದ್ದ ಆ ಹೊಸ ಸ್ಟೇಡಿಯಂ ನೆನಪಾಗುತ್ತದೆ. ಇವತ್ತಿಗೂ ಸೆರಗು ಮೂಗಿನ ಹತ್ತಿರ ಹೋಗುತ್ತದೆ.

ನನ್ನ ತವರು ಯಲಹಂಕ. ಮದುವೆಯಾಗಿ ಹೆಬ್ಬಾಳಕ್ಕೆ ಬಂದಾಗ ಐವತ್ತರ ದಶಕ ಮುಗಿಯುತ್ತಿತ್ತು. ಗಂಡನ ಮನೆಯಲ್ಲಿ ರಾಗಿ ಹೊಲವಿತ್ತು, ಎಮ್ಮೆಗಳಿದ್ದವು, ಫುಟ್‌ಬಾಲ್ ಹುಚ್ಚಿನ ಅತ್ತೆಯೂ ಇದ್ದರು. ಈ ಕೊನೆಯದನ್ನು ಹೆಣ್ಣು ನೋಡಲು ಬಂದಾಗ ಯಾರೂ ಹೇಳಿರಲಿಲ್ಲ.

ಅತ್ತೆ ಎಮ್ಮೆ ಮೇಯಿಸಲು ಕೆರೆ ಪಕ್ಕದ ಬಯಲಿಗೆ ಹೋಗುತ್ತಿದ್ದರು. ಊರ ಹುಡುಗರು ಅಲ್ಲಿ ಬರಿಗಾಲಲ್ಲಿ ಚೆಂಡಾಡುತ್ತಿದ್ದರು. ಒಂದು ದಿನ ಚೆಂಡು ಗಬ್ಬದ ಎಮ್ಮೆಯ ಹೊಟ್ಟೆಗೆ ಬಡಿಯಿತು, ಬೈಯಲು ಹೋದ ಅತ್ತೆ ಆಟ ನೋಡುತ್ತಾ ಅಲ್ಲೇ ನಿಂತುಬಿಟ್ಟರಂತೆ. ಅಲ್ಲಿಂದ ಮುಂದೆ ಎಮ್ಮೆಗಳು ಎಲ್ಲಿ ಮೇಯುತ್ತಿವೆ ಅನ್ನುವುದಕ್ಕಿಂತ ಚೆಂಡು ಎಲ್ಲಿದೆ ಅನ್ನುವುದೇ ಅವರಿಗೆ ಮುಖ್ಯವಾಯಿತು. ಗೋಲಿನ ಎರಡು ಬಿದಿರುಗಳ ಹಿಂದೆ ಸೊಂಟಕ್ಕೆ ಕೈಯಿಟ್ಟು ನಿಂತು, ಗೋಲ್‌ಕೀಪರ್ ಹುಡುಗನನ್ನು ಬೈಯುತ್ತಿದ್ದರು: "ಮುಂದಕ್ಕೆ ಓಗೋ! ಅಲ್ಲೇನ್ ಬೇರು ಬಿಟ್ಟಿದೀಯಾ?" ಆಟಗಾರರಿಗೆಲ್ಲ ಅವರು ಅಜ್ಜಿ. ಹುಲ್ಲು ಕೊಯ್ಯುವ ನೆಪದಲ್ಲಿ ನಾನೂ ಜೊತೆಗೆ ಹೋಗತೊಡಗಿದೆ. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ನೆಪವೂ ಬೇಕಾಗಲಿಲ್ಲ.

ಅರವತ್ತರ ದಶಕದ ನಡುವೆ ಸ್ಟೇಡಿಯಂ ಸುದ್ದಿ ಬಂತು. ಸಿಮೆಂಟಿನ ಗ್ಯಾಲರಿ, ಮೇಲೆ ಸೂರು, ಬಲೆ ಕಟ್ಟಿದ ಗೋಲು. ಉದ್ಘಾಟನೆಯ ದಿನ ನಮ್ಮೂರ ಟೀಮಿಗೂ ಒಂದು ಕಾರ್ಖಾನೆಯ ಟೀಮಿಗೂ ಪಂದ್ಯ, ಗೆದ್ದವರಿಗೆ ಬೆಳ್ಳಿ ಕಪ್. ಅತ್ತೆ ಮದುವೆ ಮನೆಗೆ ಹೊರಟವರ ಹಾಗೆ ಪೆಟ್ಟಿಗೆಯಿಂದ ಮೊಳಕಾಲ್ಮೂರು ರೇಷ್ಮೆ ಸೀರೆ ತೆಗೆದರು. ಹುಡುಗರು ಇಟ್ಟಿಗೆ ಲಾರಿಯ ಹಿಂದೆ ಹತ್ತಿ ನಿಂತರು. ನಾವಿಬ್ಬರು ಮುಂದೆ ಡ್ರೈವರ್ ಪಕ್ಕ ಕೂತೆವು.

ಒಳಗೆ ಕಾಲಿಟ್ಟಾಗ ನಿಜವಾಗಿಯೂ ಖುಷಿಯಾಯಿತು. ಅಷ್ಟು ಹಸಿರು ಹುಲ್ಲನ್ನು ನಾನು ಒಂದೇ ಕಡೆ ನೋಡಿರಲಿಲ್ಲ. ಅತ್ತೆ ಬಗ್ಗಿ ಅಂಗೈಯಿಂದ ಅದನ್ನು ಸವರಿ, "ನಮ್ಮ ಎಮ್ಮೆ ಬಿಟ್ರೆ ಒಂದ್ ಗಳಿಗೇಲಿ ಬೋಳಾಗೋಗ್ತದೆ" ಅಂದರು. ನಗುತ್ತಿದ್ದರು. ಆ ನಗು ಅಲ್ಲಿಗೇ ಮುಗಿಯಿತು.

ಎದೆಗೆ ರಿಬ್ಬನ್ ಚುಚ್ಚಿಕೊಂಡಿದ್ದ ಒಬ್ಬ ಸ್ವಯಂಸೇವಕ ನಮ್ಮನ್ನು ಹೆಂಗಸರ ಜಾಗಕ್ಕೆ ಅಟ್ಟಿದ. ಅದು ಸೂರಿಲ್ಲದ ಕೆಳಗಿನ ಮೂಲೆ. ಮುಂದೆ ಶಾಮಿಯಾನದ ಬಟ್ಟೆಯ ಮರೆ ಕಟ್ಟಿದ್ದರು. ಕತ್ತು ಚಾಚಿದರೆ ಒಂದು ಗೋಲು ಕಾಣುತ್ತಿತ್ತು, ಇನ್ನೊಂದು ಇಲ್ಲವೇ ಇಲ್ಲ. ಬಿಸಿಲು ನೇರ ಕಣ್ಣಿಗೆ. ಮೇಲಿನ ಮೆಟ್ಟಿಲಲ್ಲಿ ಕೂತ ಗಂಡಸರು ಎಲೆಅಡಿಕೆ ಜಗಿದು ಹೊಸ ಸುಣ್ಣದ ಗೋಡೆಗೆ ಉಗಿಯುತ್ತಿದ್ದರು. ಆಟ ಶುರುವಾಗುವ ಮೊದಲೇ ಆ ಗೋಡೆ ಕೋಳಿ ಕುಯ್ದ ಹಾಗಿತ್ತು. ಒಂದು ಹನಿ ನನ್ನ ತೋಳಿನ ಮೇಲೂ ಬಿತ್ತು. ತಿರುಗಿ ನೋಡಿದರೆ ಉಗಿದವನು ನನ್ನನ್ನೇ ದಿಟ್ಟಿಸಿ ನೋಡಿದ, ಅಲ್ಲಿ ಕೂತದ್ದು ನನ್ನ ತಪ್ಪು ಎಂಬಂತೆ.

ಮುಖ್ಯ ಅತಿಥಿ ಬರುವ ಹೊತ್ತು ಮೀರಿ ಎಷ್ಟೋ ಹೊತ್ತಾಗಿತ್ತು. ಅತ್ತೆ ಕೂತಲ್ಲೇ ಮಿಸುಕಾಡತೊಡಗಿದರು. "ಒಂದ್ಕೆ ಓಗ್ಬೇಕು ಕಣೆ" ಅಂದರು. ಹೆಂಗಸರ ಬಚ್ಚಲು ಎಂದು ಬರೆದಿದ್ದ ಬಾಗಿಲನ್ನು ಹುಡುಕಿ ನೂಕಿದೆ. ಒಳಗೆ ಸಿಮೆಂಟ್ ಚೀಲಗಳನ್ನು ಸೂರಿನವರೆಗೂ ಪೇರಿಸಿದ್ದರು. ರಿಬ್ಬನ್ನಿನವನನ್ನು ಕೇಳಿದರೆ, "ಗೋಡೆ ಹಿಂದೆ ಹೋಗ್ರಮ್ಮ, ಯಾರೂ ಇರಲ್ಲ" ಅಂದ. ಗೋಡೆಯ ಹಿಂದೆ ಗಂಡಸರು ಸಾಲಾಗಿ ನಿಂತಿದ್ದರು. ನೆಲವೆಲ್ಲ ನೊರೆ. ಅತ್ತೆಯ ಮೆಟ್ಟು ಅದರಲ್ಲೇ ಪಚ್ ಅಂತು.

"ಒಲದಾಗಾದ್ರೆ ಒಂದ್ ಗಿಡನಾದ್ರೂ ಮರೆ ಇರ್ತದೆ" ಎಂದು ಹಲ್ಲು ಕಚ್ಚಿ ಅಂದ ಅತ್ತೆ ನೇರವಾಗಿ ಅತಿಥಿಗಳ ಮಂಟಪದ ಹಿಂದಕ್ಕೆ ನಡೆದರು. ಅಲ್ಲಿ ಬಣ್ಣ ಹೊಡೆದ ಬಾಗಿಲು, ಬೀಗ, ಬೀಗದ ಮುಂದೆ ಒಬ್ಬ ಕಾವಲಿನವನು.

"ಇದು ದೊಡ್ಡೋರಿಗೆ ಕಣಮ್ಮ. ನಿಮಗಲ್ಲ."

"ನಾನೇನ್ ಮಗೂನಾ? ತಗಿ ಬಾಗ್ಲು."

"ಆಗಲ್ಲ ಅಂದ್ನಲ್ಲ."

"ಆಗಲ್ವಾ? ಸರಿ, ಇಲ್ಲೇ ನಿನ್ ಕಾಲತ್ರಾನೇ ಕೂತ್ಕೊತೀನಿ, ನೀನೇ ತೊಳಿ" ಎಂದು ಅತ್ತೆ ಸೀರೆಯ ನೆರಿಗೆಗೆ ಕೈ ಹಾಕಿದರು. ಅವನು ಗಡಬಡಿಸಿ ಬೀಗ ತೆಗೆದ.

ಹೋದಷ್ಟೇ ಬೇಗ ಅತ್ತೆ ಹೊರಗೆ ಬಂದರು. ಮುಖ ಕಿವುಚಿಕೊಂಡಿತ್ತು. ನಲ್ಲಿ ಇತ್ತಂತೆ, ನೀರಿನ ಪೈಪೇ ಜೋಡಿಸಿರಲಿಲ್ಲವಂತೆ. ಬೆಳಗಿನಿಂದ ಸಂಘಟಕರೆಲ್ಲ ಅದನ್ನೇ ಬಳಸಿದ್ದರು. ತೆರೆದ ಬಾಗಿಲಿನಿಂದ ಬಂದ ನಾತಕ್ಕೆ ನಾನು ಸೆರಗನ್ನು ಮೂಗಿಗೆ ಒತ್ತಿಕೊಂಡೆ. "ಇದಕ್ಕೂ ಬೀಗ, ಇದಕ್ಕೂ ಕಾವ್ಲು!" ಅಂದರು ಅತ್ತೆ ಕಾವಲಿನವನ ಮುಖಕ್ಕೆ. ಕೊನೆಗೆ ರಸ್ತೆ ದಾಟಿ ಲಂಟಾನದ ಪೊದೆಯ ಹಿಂದೆ ಹೋಗಿ ಬಂದೆವು.

ನಾವು ವಾಪಸಾದಾಗ ಭಾಷಣ ನಡೆಯುತ್ತಿತ್ತು. ಒಬ್ಬರಾದ ಮೇಲೆ ಒಬ್ಬರು. ಆಟಗಾರರನ್ನು ಮೈದಾನದ ನಡುವೆ ಬಿಸಿಲಲ್ಲಿ ಸಾಲಾಗಿ ನಿಲ್ಲಿಸಿದ್ದರು. ವೇದಿಕೆಯ ಸೋಫಾಗಳಲ್ಲಿ ಕೂತವರಿಗೆ ಬೋಂಡಾ, ಬಾಳೆಹಣ್ಣು, ಗಾಜಿನ ಲೋಟದಲ್ಲಿ ಶರಬತ್ತು. ತಿಂದವರು ಸಿಪ್ಪೆಯನ್ನು ಸೋಫಾದ ಕೆಳಗೆ ಕಾಲಿನಿಂದ ತಳ್ಳುತ್ತಿದ್ದರು.

ಕೊನೆಗೂ ಆಟ ಶುರುವಾಯಿತು. ನಮ್ಮ ಹುಡುಗರು ನಿಂತು ನಿಂತು ಸುಸ್ತಾಗಿದ್ದರು. ಹುಲ್ಲಿನ ಮೇಲೆ ಕಾಲೂ ಜಾರುತ್ತಿತ್ತು. ನಮಗೆ ಕಾಣದ ಗೋಲಿನ ಕಡೆಯಿಂದ ಕೂಗು ಎದ್ದಾಗ ಕಾರ್ಖಾನೆಯವರು ಒಂದು ಗೋಲು ಹೊಡೆದರೆಂದು ತಿಳಿಯಿತು. ಅರ್ಧ ಆಟಕ್ಕೆ ಸೀಟಿ ಊದಿದರು. ಆಗ ಧ್ವನಿವರ್ಧಕದಲ್ಲಿ ಪ್ರಕಟಣೆ ಬಂತು: ಮಾನ್ಯ ಅತಿಥಿಗಳಿಗೆ ಬೇರೆ ಕಾರ್ಯಕ್ರಮವಿರುವುದರಿಂದ ಈಗಲೇ ಬಹುಮಾನ ವಿತರಣೆ.

ನಾನು ತಪ್ಪಾಗಿ ಕೇಳಿಸಿಕೊಂಡೆ ಅಂದುಕೊಂಡೆ. ಆದರೆ ಅಷ್ಟರಲ್ಲಿ ಕಾರ್ಖಾನೆಯ ಕ್ಯಾಪ್ಟನ್ ವೇದಿಕೆ ಹತ್ತಿದ್ದ. ಹಾರ ಹಾಕಿದರು, ಕೈಗೆ ಬೆಳ್ಳಿ ಕಪ್ ಕೊಟ್ಟರು, ಫೋಟೋ ತೆಗೆದರು. ಪಕ್ಕದಲ್ಲಿ ನಿಂತು ನಗುತ್ತಿದ್ದ ಕಾರ್ಖಾನೆಯ ಯಜಮಾನ ಅವನ ಕೈಯಿಂದ ಕಪ್ ಇಸಕೊಂಡು, ಅತಿಥಿಯ ಹಿಂದೆಯೇ ಕಾರು ಹತ್ತಿದ. ಕಾರುಗಳು ಧೂಳೆಬ್ಬಿಸಿ ಹೋದವು. ಗ್ಯಾಲರಿಯ ಅರ್ಧ ಜನವೂ ಎದ್ದು ಹೊರಟರು.

"ಆಟ ಮುಗೀತಾ?" ಎಂದರು ಅತ್ತೆ.

"ಇಲ್ಲ ಅತ್ತೆ, ಇನ್ನೂ ಅರ್ಧ ಇದೆ."

"ಮತ್ತೆ ಕಪ್ ಓಯ್ತಲ್ಲ?"

ಅತ್ತೆ ಮರೆಯ ಬಟ್ಟೆಯನ್ನು ಎತ್ತಿ, ಅದರಡಿ ನುಸುಳಿ ಮೈದಾನಕ್ಕಿಳಿದರು. ನಾನೂ ನುಸುಳಿದೆ. ರಿಬ್ಬನ್ನಿನವನು ಕೂಗುತ್ತಾ ಬಂದ. "ಓಗೋ, ನಿನ್ ದೊಡ್ಡೋರು ಓದ್ರು, ನೀನೂ ಓಗು" ಎಂದು ಅವನನ್ನು ಸರಿಸಿ, ಅತ್ತೆ ನಮ್ಮ ಗೋಲಿನ ಹಿಂದೆ ಹೋಗಿ ನಿಂತರು. ಗೋಲ್‌ಕೀಪರ್ ತಿರುಗಿ ನೋಡಿದ.

"ಏನ್ ನೋಡ್ತೀಯಾ? ಮುಂದಕ್ಕೆ ಓಗೋ!"

ಆಮೇಲೆ ನಡೆದದ್ದನ್ನು ನೋಡಿದವರು ಬಹಳ ಕಡಿಮೆ. ಕೆಲಸದಾಳುಗಳು ಸೋಫಾ ಹೊತ್ತುಕೊಂಡು ಮೈದಾನದ ಅಂಚಿನಲ್ಲೇ ಓಡಾಡುತ್ತಿದ್ದರು. ಜಮಖಾನೆ ಸುತ್ತಿಟ್ಟರು. ಕಪ್ ಸಿಕ್ಕಿದ ಕಾರ್ಖಾನೆಯವರು ಮೈಮುರಿದು ಆಡಲಿಲ್ಲ. ನಮ್ಮವರು ಎರಡು ಗೋಲು ಹೊಡೆದರು. ಎರಡನೆಯದು ಬಲೆಗೆ ಬಿದ್ದಾಗ ನಾನು ಕಿರುಚಿದೆ. ಅತ್ತೆ ಕಿರುಚಲಿಲ್ಲ. ಕೊನೆಯ ಸೀಟಿ ಆದ ಕೂಡಲೇ ಅವರು ಕಾರ್ಖಾನೆಯ ಕ್ಯಾಪ್ಟನ್ ಹತ್ತಿರ ಹೋದರು.

"ಗೆದ್ದಿದ್ದು ಯಾರಪ್ಪ?"

ಅವನು ನೆಲ ನೋಡಿದ. "ನೀವೇ ಕಣಜ್ಜಿ. ಆದ್ರೆ ಕಪ್ ನಮ್ ಯಜಮಾನ್ರು ತಗೊಂಡ್ ಹೋಗ್ಬಿಟ್ರಲ್ಲ, ನಾನೇನ್ ಮಾಡ್ಲಿ?"

ರೆಫರಿಯನ್ನು ಕೇಳಿದರೆ ಸಂಘಟಕರನ್ನು ಕೇಳಿ ಅಂದ. ಸಂಘಟಕರು ಉಳಿದ ಬೋಂಡಾ ಪೊಟ್ಟಣ ಕಟ್ಟಿಕೊಳ್ಳುತ್ತಿದ್ದರು. ಅವರಲ್ಲೊಬ್ಬ ಬಾಯಿತುಂಬ ಬೋಂಡಾ ಇಟ್ಟುಕೊಂಡೇ, "ಎಲ್ಲ ನಿಯಮದ ಪ್ರಕಾರ ಆಗಿದೆ, ತಾಯಿ" ಅಂದ. ಅತ್ತೆ ಅವನ ಕಾಲ ಬಳಿ ಥೂ ಎಂದು ಉಗಿದರು. ಅವರು ಯಾರ ಮುಂದಾದರೂ ಹಾಗೆ ಉಗಿದದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಲಾರಿ ಹತ್ತುವಾಗ ಹುಡುಗರು ಸಪ್ಪಗಿರುತ್ತಾರೆ ಅಂದುಕೊಂಡಿದ್ದೆ. ಇಲ್ಲ, ಖುಷಿಯಾಗಿದ್ದರು. ಹುಲ್ಲಿನ ಬಗ್ಗೆ, ಬಲೆಯ ಬಗ್ಗೆ, ಫೋಟೋದಲ್ಲಿ ತಮ್ಮ ತಲೆ ಬಂದಿರಬಹುದೇ ಎಂಬ ಬಗ್ಗೆ ಮಾತಾಡುತ್ತಿದ್ದರು. ಗೋಲ್‌ಕೀಪರ್ ಹುಡುಗ ಅತ್ತೆಯ ಕೈ ಹಿಡಿದು ಲಾರಿಗೆ ಹತ್ತಿಸುತ್ತಾ, "ಓಗ್ಲಿ ಬಿಡಜ್ಜಿ. ಸ್ಟೇಡಿಯಂನಾಗೆ ಆಡಿದ್ವಲ್ಲ, ಅಷ್ಟು ಸಾಕು" ಅಂದ.

ಅತ್ತೆ ಅವನನ್ನು ನೋಡಿದ ನೋಟ ನನಗೆ ಮರೆತಿಲ್ಲ. ಅತಿಥಿ, ಯಜಮಾನ, ಆ ಬೀಗ ಹಾಕಿದ ಬಚ್ಚಲು, ಯಾವುದರ ಮೇಲೂ ಅವರಿಗೆ ಅಷ್ಟು ಹೇಸಿಗೆ ಹುಟ್ಟಿರಲಿಲ್ಲ. ಕೈ ಬಿಡಿಸಿಕೊಂಡು ತಾವೇ ಹತ್ತಿದರು. ಮನೆಗೆ ಬಂದವರೇ ಹಿತ್ತಲಲ್ಲಿ ತಣ್ಣೀರು ಸುರಿದುಕೊಂಡು, ಮೊಳಕಾಲ್ಮೂರು ಸೀರೆಯನ್ನು ಸೀಗೆಪುಡಿ ಹಾಕಿ ತಿಕ್ಕಿ ತಿಕ್ಕಿ ತೊಳೆದರು.

ಮಾರನೆಯ ವರ್ಷ ಅಲ್ಲಿಂದ ಮತ್ತೆ ಕರೆ ಬಂತು. ಹುಡುಗರು ಕುಣಿಯುತ್ತಾ ಹೋದರು. ಅತ್ತೆ ಹೋಗಲಿಲ್ಲ, ಆಮೇಲೆ ಯಾರು ಗೆದ್ದರೆಂದು ಕೇಳಲೂ ಇಲ್ಲ. ಅವರು ಕೊಟ್ಟಿಗೆಯಲ್ಲಿ ಹಾಲು ಕರೆಯುತ್ತಿದ್ದಾಗ ನಾನು ಬೇಲಿಯ ಹತ್ತಿರ ಗೋಲ್‌ಕೀಪರನನ್ನು ನಿಲ್ಲಿಸಿ ಮೆಲ್ಲಗೆ ಕೇಳಿದೆ. ಸೋತಿದ್ದರು. ಈ ಸಲ ಆಟ ಪೂರ್ತಿ ಮುಗಿದ ಮೇಲೆಯೇ ಕಪ್ ಕೊಟ್ಟರಂತೆ.