ಚಿಕ್ಕತಾಯಮ್ಮ ಒದೆಯದ ಬೆನ್ನು

ನಮ್ಮ ಎದುರುಮನೆ ಚಿಕ್ಕತಾಯಮ್ಮನಿಂದ ಒದೆಸಿಕೊಳ್ಳಲು ಜನ ಪಿರಿಯಾಪಟ್ಟಣದಿಂದ ಬಸ್ಸು ಹತ್ತಿ ಬರುತ್ತಿದ್ದರು. ಹುಟ್ಟುವಾಗ ಕಾಲು ಮುಂದಾಗಿ ಬಂದವಳು ಅವಳು. ಅಂಥವರು ಬೆನ್ನಿಗೆ ಒದ್ದರೆ ಉಳುಕು ಬಿಡುತ್ತದೆ ಎಂಬುದು ನಮ್ಮ ಕಡೆಯ ನಂಬಿಕೆ. ಬಂದವರು ಜಗುಲಿಯ ಮೇಲೆ ಬೋರಲು ಮಲಗಬೇಕು. ಅವಳು ಎಲೆಅಡಿಕೆ ಜಗಿಯುತ್ತಲೇ ಎಡಗಾಲು ಸೋಕಿಸುವಳು. ಮೀಸೆ ಹೊತ್ತ ಯಜಮಾನರೂ ಆ ಒದೆಗೆ ಸಾಲುಗಟ್ಟಿ ಕಾಯುವುದನ್ನು ನೋಡುವುದೇ ನನಗೊಂದು ಖುಷಿ.

ಆದರೆ ಕಾಲೆತ್ತುವ ಮೊದಲು ವಿಚಾರಣೆ ನಡೆಯುತ್ತಿತ್ತು. "ಎಲ್ಲಾರ ಬಿದ್ದಿದ್ಯಾ? ಕಾಲು ಜೋಮು ಇಡೀತದಾ? ಉಚ್ಚೆ ಸರಾಗ ಓಯ್ತದಾ?" ಉತ್ತರ ಹಿಡಿಸದಿದ್ದರೆ, "ಇದು ಉಳುಕಲ್ಲ ಕಣಪ್ಪ, ಆಸ್ಪತ್ರೆ ದಾರಿ ಇಡಿ" ಎಂದು ಎಬ್ಬಿಸಿ ಕಳಿಸುವಳು. ಮೂಳೆ ಮುರಿದಿದೆಯೋ ಏನೋ ನೋಡದೆ, ಊದಿದ ಮಣಿಕಟ್ಟಿಗೆ ಎಣ್ಣೆ ಹಚ್ಚಿ ನೀವಿಸಿಕೊಂಡು ಬಂದವರಿಗಂತೂ ಬೈಗುಳವೇ ಮದ್ದು. ಗಂಡನ ಬೆನ್ನು ತೋರಿಸಲು ವರ್ಷಗಟ್ಟಲೆ ಮೈಸೂರಿಗೆ ಅಲೆದವಳು, ಡಾಕ್ಟರು ಕೇಳುವುದನ್ನೆಲ್ಲ ಕಿವಿಗೆ ಹಾಕಿಕೊಂಡಿದ್ದಳು.

ಹೊಗೆಸೊಪ್ಪು ಬೇಯಿಸುವ ಕಾಲ. ಕೆಳಬೀದಿಯ ಶಿವಣ್ಣ, ಸೊಪ್ಪನ್ನು ಬಿಸಿಗೆ ಒಣಗಿಸುವ ಎತ್ತರದ ಬ್ಯಾರನ್ನಿನೊಳಗೆ ಮೇಲಿನ ಗಳುವಿನ ಮೇಲೆ ನಿಂತು ಸೊಪ್ಪು ಕಟ್ಟಿದ ಕಡ್ಡಿ ಏರಿಸುತ್ತಿದ್ದವನು ಜಾರಿ ಬಿದ್ದ. ಅವನ ಅಣ್ಣ ಓಡಿಬಂದು ಚಿಕ್ಕತಾಯಮ್ಮನನ್ನು ಕರೆದೊಯ್ದ. ನಾನೂ ಹಿಂದೆಯೇ ಹೋದೆ. ಅವಳು ಬಗ್ಗಿ ಶಿವಣ್ಣನ ಪಾದ ಚಿವುಟಿದಳು. ಅವನಿಗೆ ಗೊತ್ತೇ ಆಗಲಿಲ್ಲ.

"ಯಾರೂ ಎತ್ತಬ್ಯಾಡಿ, ಕೂರುಸ್ಬ್ಯಾಡಿ. ಆಂಬುಲೆನ್ಸ್‌ಗೆ ಫೋನ್ ಮಾಡಿ" ಎಂದಳು.

"ಎಂಟೂರ್ ಜನಕ್ಕೆ ಒದ್ದಿದ್ದೀಯ. ನನ್ ತಮ್ಮಂಗೆ ಒಂದ್ ಒದೆ ಒದಿಯಕ್ಕೇನ್ ಕಷ್ಟ?" ಎಂದು ಅಣ್ಣ ಅವಳ ಮೇಲೆ ಎಗರಾಡಿದ.

"ಒದ್ರೆ ಇವ್ನು ಜಲ್ಮದಲ್ಲಿ ಏಳಾಕಿಲ್ಲ. ನನ್ನ ದಾಟಿ ಬಂದು ಮುಟ್ಟು ನೋಡವ."

ಹಾಗೆಂದವಳೇ ಶಿವಣ್ಣನ ಪಕ್ಕ ನೆಲದ ಮೇಲೆ ಕೂತುಬಿಟ್ಟಳು. ಊರಿಗೆ ಊರೇ ಉಗಿಯಿತು. ಅವಳು ಜಗ್ಗಲಿಲ್ಲ. ಆಂಬುಲೆನ್ಸು ಬಂದು, ಬೆನ್ನು ಬಾಗದ ಹಾಗೆ ಅವನನ್ನು ಹಲಗೆಗೆ ಬಿಗಿದು ಒಯ್ದ ಮೇಲೇ ಎದ್ದದ್ದು.

ಮೈಸೂರಲ್ಲಿ ಆಪರೇಷನ್ ಆಯಿತು. ಬೆನ್ನುಮೂಳೆ ಮುರಿದಿತ್ತು, ಕದಲಿಸಿದ್ದರೆ ಕಾಲು ಎರಡೂ ಹೋಗುತ್ತಿದ್ದವು ಎಂದು ಡಾಕ್ಟರೇ ಹೇಳಿದರಂತೆ; ನೋಡಲು ಹೋದಾಗ ನರ್ಸೊಬ್ಬಳು ನನಗೆ ತಿಳಿಸಿದಳು. ಆ ಮಾತನ್ನು ಶಿವಣ್ಣನ ಮನೆಯವರು ಯಾರಿಗೂ ಹೇಳಲಿಲ್ಲ. ಅವನು ಕೋಲೂರಿಕೊಂಡು ಊರಿಗೆ ಬಂದಾಗ, ಚಿಕ್ಕತಾಯಮ್ಮನ ಕಾಲಿನ ಗುಣ ಹೋಯಿತು, ಅದಕ್ಕೇ ಒದೆಯಲಿಲ್ಲ ಎಂದು ಸಾರಿದರು. ಜಗುಲಿಗೆ ಬರುವವರು ನಿಂತೇಹೋದರು. ನನಗೆ ಮೈಯೆಲ್ಲ ಉರಿಯುತ್ತಿತ್ತು.

"ಬುಡವ್ವ, ನಾನೇನು ಒದೆಯಕ್ಕೇ ಉಟ್ದೋಳಾ?" ಎಂದಳು ಅವಳು.

ಹೋದ ವರ್ಷ ಚಿಕ್ಕತಾಯಮ್ಮ ತೀರಿಕೊಂಡಳು. ಮಣ್ಣಿಗೆ ಶಿವಣ್ಣನೂ ಬಂದಿದ್ದ. ಗುಂಡಿಗೆ ಹಿಡಿ ಮಣ್ಣು ಹಾಕಿ, ನನ್ನ ಕಡೆ ತಿರುಗಿ ಗೊಣಗಿದ: "ಅವತ್ತು ಒಂದ್ ಒದೆ ಒದ್ದಿದ್ರೆ ಈ ಕೋಲೂ ಬೇಕಾಯ್ತಿರ್ನಿಲ್ಲ ಕಣಕ್ಕ."

"ಅದ್ನ ನಿನ್ ಕಾಲ್ ಮೇಲೆ ನಿಂತ್ಕಂಡು ಹೇಳ್ತಿದ್ದೀಯಲ್ಲ ಶಿವಣ್ಣ" ಎಂದೆ.