ಸುಟ್ಟಗಾಯದ ವಾರ್ಡಿನ ನಿದ್ದೆ ಡಾಕ್ಟ್ರು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಸುಟ್ಟಗಾಯದ ವಾರ್ಡಿನ ಆಪರೇಷನ್ ಕೋಣೆ ಆಗಲೇ ಬೇಯುತ್ತಿದೆ. ಚರ್ಮ ಕಳೆದುಕೊಂಡ ಮೈ ಬೇಗ ತಣ್ಣಗಾಗಿಬಿಡುತ್ತದೆ. ಅದಕ್ಕೇ ಇಲ್ಲಿ ಏಸಿ ಹಾಕುವಂತಿಲ್ಲ. ಬೆವರಿನಲ್ಲಿ ತೊಯ್ದ ಅರಿವಳಿಕೆ ತಜ್ಞೆ ಸ್ಟೂಲ್ ಎಳೆದುಕೊಂಡು ರೋಗಿಯ ತಲೆಯ ಬಳಿ ಕೂರುತ್ತಾರೆ. ಬ್ಯಾಂಡೇಜ್ ಬಿಚ್ಚುವ ಮುನ್ನ ನಿದ್ದೆ ಬರಿಸಬೇಕು. ಎಚ್ಚರದಲ್ಲಿ ಆ ನೋವು ಯಾರಿಂದಲೂ ತಡೆಯಲಾಗದು. ವಾರ್ಡಿನವರ ಬಾಯಲ್ಲಿ ಇವರು ‘ನಿದ್ದೆ ಡಾಕ್ಟ್ರು’.

ವಯಸ್ಸು ಐವತ್ತರ ಆಸುಪಾಸು. ಸೊಂಟ ಹಿಡಿದುಕೊಂಡಿದೆ, ಕಣ್ಣ ಕೆಳಗೆ ಕಪ್ಪು ಕಟ್ಟಿದೆ. ಜೊತೆಗಿದ್ದ ಡಾಕ್ಟರುಗಳು ಒಬ್ಬೊಬ್ಬರಾಗಿ ಬೇರೆ ಕಡೆ ಹೋದರು. ದಿನಕ್ಕೆ ಎಂಟು ಹತ್ತು ರೋಗಿಗಳು, ಅದರ ಮೇಲೆ ತೀವ್ರ ನಿಗಾ ಘಟಕದ ಹೊಣೆ. ಮನೆಯಲ್ಲಿ ಒಲೆ ಗಂಡನ ಪಾಲಿಗೆ. “ಬಾಣಲೇಲಿ ಏನಾದ್ರೂ ಸೀದ್ರೆ ನಾನು ಎದ್ದು ಹೊರಗೆ ಹೋಗ್ಬಿಡ್ತೀನಿ. ಯಾಕೆ ಅಂತ ಅವರು ಒಂದಿನಾನೂ ಕೇಳಿಲ್ಲ.”

ಈಗ ಮುಂದೆ ಮಲಗಿರುವವನು ಬೇಕರಿಯ ಯುವಕ. ಒಲೆಮನೆಗೆ ಬೆಂಕಿ ಬಿದ್ದ ದಿನ ಮಾತಾಡಿಕೊಂಡೇ ಬಂದಿದ್ದ. ಆದರೆ ದನಿ ಒಡೆದಿತ್ತು, ಮೂಗಿನಲ್ಲಿ ಮಸಿಯಿತ್ತು. ಗಂಟಲೂ ಬೆಂದಿದೆ, ಇನ್ನು ಸ್ವಲ್ಪ ಹೊತ್ತಿಗೆ ಊದಿಕೊಂಡು ಉಸಿರಿನ ದಾರಿ ಮುಚ್ಚುತ್ತದೆ ಎಂದು ಇವರಿಗೆ ಅನಿಸಿತು. ಕೂಡಲೇ ಗಂಟಲಿಗೆ ಉಸಿರಿನ ಕೊಳವೆ ಹಾಕಬೇಕೆಂದಾಗ ಅವನ ಹೆಂಡತಿ ಅಡ್ಡ ನಿಂತಳು. ಚೆನ್ನಾಗಿ ಮಾತಾಡುತ್ತಿರುವವರ ಬಾಯಿ ಯಾಕೆ ಕಟ್ಟುತ್ತೀರಿ ಎಂದು ಅತ್ತಳು. ಇವರು ಬಿಡಿಸಿ ಹೇಳಿ ಒಪ್ಪಿಸಿದರು.

“ಏನಾದ್ರೂ ಹೇಳೋದಿದ್ರೆ ಈಗಲೇ ಹೇಳಿಬಿಡಮ್ಮ. ಆಮೇಲೆ ಕೆಲವು ದಿನ ಮಾತಾಡಕ್ಕಾಗಲ್ಲ.”

ಅವಳು ಗಂಡನ ಕಡೆ ಬಾಗಿದಳು. ಕೇಳಿದ್ದು ಇಷ್ಟು: “ಮನೆ ಬೀಗದ ಕೈ ಎಲ್ಲಿಟ್ಟಿದೀರಿ?”

ಅವನು ಹೇಳಿದ. ಇವರು ನಿದ್ದೆ ಬರಿಸಿ ಕೊಳವೆ ಇಳಿಸಿದರು. ಸಂಜೆಯೊಳಗೆ ಮುಖ ಗುರುತು ಸಿಗದಷ್ಟು ಊದಿತ್ತು. “ಇನ್ನೊಂಚೂರು ತಡ ಮಾಡಿದ್ರೆ ದಾರೀನೇ ಸಿಗ್ತಿರ್ಲಿಲ್ಲ. ಹಾಗೆ ಕೈ ತಪ್ಪಿದವರೂ ಇದಾರೆ,” ಎನ್ನುತ್ತಾರೆ.

ಮೊನ್ನೆ ಕೊಳವೆ ತೆಗೆದಾಗ ಅವನು ನೀರು ಕೇಳಿದ. ಹೆಂಡತಿ ಸರ್ಜನ್ನರಿಗೆ ಕೈಮುಗಿದಳು. ಮಾಸ್ಕ್ ತೆಗೆದಿದ್ದ ಇವರ ಗುರುತು ಹತ್ತದೆ, ಆಯಾ ಎಂದುಕೊಂಡು ಒಂದು ಲೋಟ ತಂದುಕೊಡಿ ಅಂದಳು. ಇವರು ತಂದುಕೊಟ್ಟರು.

ಇವತ್ತಿನ ಡ್ರೆಸ್ಸಿಂಗ್ ಮುಗಿದಿದೆ. ಅಂಗೈ ಅವನ ಹಣೆಯ ಮೇಲಿಟ್ಟು ಇವರು ಕಾಯುತ್ತಾರೆ. ಅವನು ಕಷ್ಟಪಟ್ಟು ಕಣ್ಣು ಬಿಡುತ್ತಾನೆ. ಭಯದಿಂದ, ಒಡೆದ ದನಿಯಲ್ಲಿ, ಯಾವಾಗ ಶುರು ಮಾಡ್ತೀರಿ ಎಂದು ಕೇಳುತ್ತಾನೆ.

“ಮುಗೀತಪ್ಪ.”

ಮುಂದಿನ ಸ್ಟ್ರೆಚರ್ ಬಾಗಿಲಿಗೆ ಬಂದಿದೆ. ಸೊಂಟದ ಮೇಲೆ ಕೈಯೂರಿ ಏಳುತ್ತಾ ಮೆಲ್ಲಗೆ ಅನ್ನುತ್ತಾರೆ: “ಕಣ್ಣು ಬಿಟ್ಟವರು ಹಾಗೆ ಕೇಳ್ಬೇಕು. ಅದಕ್ಕೇ ನಾನು ದಿನಾ ಎದ್ದು ಬರೋದು.”